ಅಪ್ಪನ ಫೋಟೋ ಪಕ್ಕದ ತೂತು

ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವರು ಸಂಜೆ ಕಾವಿ ಅಂಗಿಯಲ್ಲಿ ಮನೆಗೆ ಬರುತ್ತಿದ್ದ ಕಾಲ ಅದು. ಬಳ್ಳಾರಿಯ ರಸ್ತೆಗಳ ತುಂಬ ಅದಿರಿನ ಲಾರಿಗಳು. ಬೇವಿನ ಎಲೆ ಕೆಂಪು, ಬೀದಿ ನಾಯಿಯ ಬೆನ್ನು ಕೆಂಪು, ಅವ್ವ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳವೂ ಕೆಂಪು. ಊರವರೆಲ್ಲ ಧೂಳಿಗೆ ಬೈಯುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಬೈಯುವ ಹಾಗಿರಲಿಲ್ಲ, ಯಾಕೆಂದರೆ ನಾವು ಉಣ್ಣುತ್ತಿದ್ದದ್ದೇ ಆ ಲಾರಿಗಳಿಂದ. ಅಪ್ಪನದು ಬೈಪಾಸಿನಲ್ಲಿ ತಾಡಪತ್ರಿ ಹೊಲಿಯುವ ಅಂಗಡಿ. ಅದಿರಿನ ಮೇಲೆ ಹೊದಿಸುವ ಆ ದಪ್ಪ ಹೊದಿಕೆ ಹರಿದರೆ ಲಾರಿ ಮುಂದೆ ಹೋಗುವಂತಿರಲಿಲ್ಲ. ಹಾಗಾಗಿ ಅಪ್ಪನ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಗೇಣುದ್ದದ ದಬ್ಬಣ ಇರುತ್ತಿತ್ತು. ಅಪ್ಪನಿಗೆ ರಜೆ ಎನ್ನುವುದು ಇರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಸಿರುಗುಪ್ಪ ರಸ್ತೆಯಲ್ಲಿ, ಕುರುಗೋಡಿಗೆ ತಿರುಗುವ ಕ್ರಾಸಿಗಿಂತ ಸ್ವಲ್ಪ ಮುಂಚೆ, ಭತ್ತದ ಗದ್ದೆಗಳ ನಡುವೆ ನೀರಿನ ಪಾರ್ಕು ಶುರುವಾಯಿತು. ನೀಲಿ ಬಣ್ಣದ ಜಾರುಬಂಡಿ ಒಂದು ಮೂರಂತಸ್ತಿನ ಎತ್ತರ. ಕುರುಗೋಡಿನ ಅಜ್ಜಿಯ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದು ಕಂಡರೆ ನಾನೂ ತಮ್ಮ ಬಸವನೂ ಎದ್ದು ನಿಂತುಬಿಡುತ್ತಿದ್ದೆವು. ಒಂದು ದಿನದ ಟಿಕೀಟು ದೊಡ್ಡವರಿಗೆ ನೂರೈವತ್ತು, ಸಣ್ಣವರಿಗೆ ನೂರು. ಎರಡು ಸಾವಿರ ಕೊಟ್ಟರೆ ಗಂಡ, ಹೆಂಡತಿ, ಎರಡು ಮಕ್ಕಳಿಗೆ ಸೇರಿಸಿ ವರ್ಷದ ಪಾಸು. ಹೊಸದೇನು ಮಾಡಿದರೂ ಯುಗಾದಿಯ ದಿನ ಮಾಡಬೇಕೆನ್ನುವ ಅಪ್ಪ, ಯುಗಾದಿಯ ದಿನವೇ ಹೋಗಿ ಪಾಸು ಮಾಡಿಸಿಕೊಂಡು ಬಂದ.

"ನಾಕು ಸಲ ಹೋದ್ರ ರೊಕ್ಕ ವಸೂಲಾತು. ಐದನೇ ಸಲದಿಂದ ಎಲ್ಲಾ ಪುಕ್ಕಟೆ. ಈ ಯುಗಾದಿಂದ ಬರೋ ಯುಗಾದಿ ತನಕ ನೀರಾಗ ಬಿದ್ದಿರ್ರಿ," ಎಂದ.

"ನೀವೂ ಬರ್ತೀರೋ, ಬರೇ ಫೋಟೋ ಕಳಸ್ತೀರೋ?" ಎಂದು ಅವ್ವ ಕೇಳಿದಳು.

ಅವ್ವನ ಬಾಯಿ ಅಂದರೆ ಬಾಯಿ. ಆಗಿದ್ದೂ ಹಾಗೆಯೇ. ಪಾಸು ದಪ್ಪ ರಟ್ಟಿನದು. ನಮ್ಮ ನಾಲ್ವರ ಸಣ್ಣ ಫೋಟೋಗಳು ಒಂದರ ಕೆಳಗೊಂದು. ಒಳಗೆ ಹೋದಾಗಲೆಲ್ಲ ಗೇಟಿನ ಹುಡುಗ ಬಂದವರ ಫೋಟೋದ ಪಕ್ಕ ಬಸ್ ಕಂಡಕ್ಟರ್ ಹಾಗೆ ಟಕ್ ಅಂತ ತೂತು ಹೊಡೆಯುತ್ತಿದ್ದ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವ್ವನಿಗೆ ನಾಲ್ಕು ತೂತು, ನನಗೆ ನಾಲ್ಕು, ಬಸವನಿಗೆ ನಾಲ್ಕು. ಅಪ್ಪನ ಸಾಲು ಖಾಲಿ. ಅವ್ವ ಸೀರೆ ಎತ್ತಿ ಕಟ್ಟಿ ಕಾಲು ಇಳಿಬಿಟ್ಟು ದಂಡೆಯ ಮೇಲೆ ಕೂರುತ್ತಿದ್ದಳು. ನಾವು ಸಣ್ಣವರ ಹೊಂಡದಲ್ಲಿ ಹೊರಳಾಡುತ್ತಿದ್ದೆವು. ಕ್ಲೋರಿನ್ ವಾಸನೆ, ಪಕ್ಕದ ಗದ್ದೆಯ ಕೆಸರಿನ ವಾಸನೆ, ಕ್ಯಾಂಟೀನಿನಲ್ಲಿ ಕರಿಯುವ ಮಿರ್ಚಿಯ ವಾಸನೆ ಮೂರೂ ಕೂಡಿ ಬರುತ್ತಿತ್ತು. ತಣ್ಣೀರಿನಲ್ಲಿ ನಡುಗುತ್ತ ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿಗೆ ಇವತ್ತಿಗೂ ಸಮ ಯಾವುದೂ ಇಲ್ಲ, ಬೇಕಾದರೆ ಜಗಳಕ್ಕೆ ಬನ್ನಿ.

ಆ ದೊಡ್ಡ ಜಾರುಬಂಡಿಗೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ನನ್ನೆತ್ತರದ ಮಕ್ಕಳು ಅಪ್ಪನ ಜೊತೆಗೇ ಜಾರಬೇಕೆಂಬ ಬೋರ್ಡು. ಉಳಿದ ಮಕ್ಕಳು ಅಪ್ಪಂದಿರ ತೊಡೆಯ ಮೇಲೆ ಕೂತು ಕಿರುಚುತ್ತ ಬಂದು ನೀರಿಗೆ ಬೀಳುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಆ ವರ್ಷ ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಒಂದು ಸಲ ಬರಬೇಕು, ಅವನ ಫೋಟೋದ ಪಕ್ಕ ಒಂದು ತೂತು ಬೀಳಬೇಕು.

ರಜೆ ಮುಗಿದು ಸಾಲಿ ಶುರುವಾದ ಮೇಲೆ ನಮಗೆ ಬಿಡುವು ಆದಿವಾರ ಮಾತ್ರ. ಆದಿವಾರಕ್ಕೆ ಪಾಸಿನವರು ಮುಂಚೆಯೇ ಹೆಸರು ಬರೆಸಬೇಕಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ಗುರುವಾರ ಸಂಜೆ ಅದರ ನೋಟ್‌ಬುಕ್ಕು ಬಿಚ್ಚುತ್ತಿದ್ದರು. ನಾನು ಪಾಟಿಚೀಲ ಸಮೇತ ಅವ್ವನನ್ನು ಎಳೆದುಕೊಂಡು ಓಡುತ್ತಿದ್ದೆ.

"ಅಣ್ಣಾ, ಆದಿವಾರ ಜಾಗ ಐತೇನ್ರಿ?"

"ಭರ್ತಿ ಆಗೈತವ್ವಾ. ಮಂಗಳವಾರ ಬರ್ರಿ, ಪಾರ್ಕ್ ಪೂರಾ ನಿಮ್ದ."

ಪ್ರತಿ ವಾರ ಇದೇ ಉತ್ತರ. ಗಣಿಯ ದುಡ್ಡು ಕಂಡ ಮನೆಯವರು ಫೋನಿನಲ್ಲೇ ಹೇಳಿ ಮುಂದಿನ ಎರಡು ಮೂರು ಆದಿವಾರಗಳನ್ನು ಹಿಡಿದಿಟ್ಟುಬಿಡುತ್ತಿದ್ದರು. ಒಂದೇ ಒಂದು ಸಲ ಜಾಗ ಸಿಕ್ಕಿತು. ಅಪ್ಪ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ತಯಾರಾದ. ಅಷ್ಟರಲ್ಲಿ ಮನೆಯ ಮುಂದೆಯೇ ಲಾರಿ ಬಂದು ನಿಂತಿತು. ಆಂಧ್ರದ ಡ್ರೈವರು ಕೈ ಮುಗಿದು, "ಅಣ್ಣಾ, ತಾಡಪತ್ರಿ ಪೂರಾ ಹರದು ಪೋಯಿಂದಿ, ನೀನ ಕಾಪಾಡ್ಬೇಕು" ಅಂದ. ಅಪ್ಪ ನನ್ನ ಮುಖ ನೋಡಿದ, ಲಾರಿ ನೋಡಿದ. ಆಮೇಲೆ ದಬ್ಬಣ ತೆಗೆದ. ನಾನು ಪಾರ್ಕಿಗೆ ಹೋಗದೆ ಕದದ ಹಿಂದೆ ಕೂತು ಅತ್ತೆ.

ಆ ವರ್ಷ ಅಧಿಕ ಮಾಸ ಬಂದಿತ್ತು. ಅಧಿಕ ಮಾಸದಲ್ಲಿ ಮಗಳನ್ನೂ ಅಳಿಯನನ್ನೂ ಕರೆದು ಉಣಿಸಿ ಬಟ್ಟೆ ಕೊಡುವುದು ನಮ್ಮ ಕಡೆಯ ಪದ್ಧತಿ. ಕುರುಗೋಡಿನ ಅಜ್ಜಿ ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ಹೋಳಿಗೆಯ ಮೇಲೆ ಹೋಳಿಗೆ ಹಾಕಿ, ಹೊಸ ಅಂಗಿ ಧೋತರ ಕೊಟ್ಟು ಕಳಿಸಿದಳು. ಅಪ್ಪ ಆ ಹೋಳಿಗೆಗಳನ್ನು ತಿಂಗಳುಗಟ್ಟಲೆ ನೆನೆಸಿಕೊಂಡ. ಆದರೆ ಅವತ್ತು ತಾನು ಯಾವ ಮಾಸದ ಹೋಳಿಗೆ ತಿಂದೆ ಎನ್ನುವುದನ್ನು ಮಾತ್ರ ಮರೆತುಬಿಟ್ಟ. ನಾವೆಲ್ಲರೂ ಮರೆತೆವು.

ಮರುವರ್ಷದ ಯುಗಾದಿ ಹತ್ತಿರ ಬಂತು. ಡ್ರೈವರುಗಳೆಲ್ಲ ಊರಿಗೆ ಹೋಗಿ, ಲಾರಿಗಳು ನಿಲ್ಲುತ್ತಿದ್ದದ್ದು ಹಬ್ಬದಂದು ಮತ್ತು ಮರುದಿನ ಮಾತ್ರ. ಅಪ್ಪ ತಾನೇ ಹೋಗಿ ಹಬ್ಬದ ಮರುದಿನಕ್ಕೆ ಹೆಸರು ಬರೆಸಿ ಬಂದ. "ಗೌರವ್ವಾ, ಈ ಸಲ ದೇವೇಂದ್ರನ ಲಾರಿ ಬಂದ್ರೂ ನಾ ಮುಟ್ಟಂಗಿಲ್ಲ," ಎಂದು ನನಗೆ ಹೇಳಿದ. ನಾನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಬ್ಬದ ಮರುದಿನ ಗೇಟಿನ ಮುಂದೆ ಜನವೋ ಜನ. ಹುಡುಗ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದ. ಅದು ಮೊದಲ ಸಲವೇ ನೀರಿಗೆ ಬಿದ್ದು, ತಾರೀಖಿನ ಸೀಲು ಕಲಸಿಹೋಗಿತ್ತು. ಅವನು ದೊಡ್ಡ ಪುಸ್ತಕ ತೆಗೆದು ನಮ್ಮ ನಂಬರು ಹುಡುಕಿದ.

"ಇದು ಮುಗಿದು ಹತ್ತೊಂಬತ್ತು ದಿನ ಆಗೈತ್ರಿ."

"ಏ, ಹೆಂಗ ಮುಗೀತದಲೇ? ಹ್ವಾದ ಯುಗಾದಿಗೆ ಮಾಡ್ಸೀನಿ. ನಿನ್ನಿಗೆ ಯುಗಾದಿ ಆತು. ಒಂದು ದಿನ ಹೆಚ್ಚು ಕಮ್ಮಿ ಅಂದ್ರ ಒಪ್ತೀನಿ, ಹತ್ತೊಂಬತ್ತು ಎಲ್ಲಿಂದ ತಂದಿ?"

ಜಗಳ ಕೇಳಿ ಮ್ಯಾನೇಜರು ಹೊರಗೆ ಬಂದರು. ಸಿರುಗುಪ್ಪದ ಹುಸೇನ್ ಸಾಬರು, ಬಿಳಿ ಗಡ್ಡ, ನಗುಮುಖ. ಪುಸ್ತಕದಲ್ಲಿ ಅಪ್ಪನ ಹೆಸರು ನೋಡಿದರು, ಅಪ್ಪನನ್ನು ನೋಡಿದರು, ಬೆರಳು ಮಡಚಿ ಎಣಿಸಿದರು.

"ಈರಣ್ಣಾ, ಈ ವರ್ಷ ನಿಮಗ ಅಧಿಕ ಮಾಸ ಬಂದಿತ್ತಲ್ಲ?"

ಅವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಅತ್ತಿ ಮನ್ಯಾಗ ಕುಂತು ಹೋಳಿಗಿ ಕತ್ತರಿಸಿದ್ದು ಮರ್ತು ಹೋತೇನು?"

ಸಾಬರು ಹೊಟ್ಟೆ ಹಿಡಿದು ನಕ್ಕರು. "ನಿಮ್ಮ ವರ್ಷ ಹದಿಮೂರು ತಿಂಗಳಾಗಿ ಉದ್ದ ಆತು, ನಮ್ಮ ವರ್ಷ ಗಿಡ್ಡ. ನಮ್ಮ ಲೆಕ್ಕದಾಗ ಕೊಟ್ಟಿದ್ರ ಇದು ಇನ್ನೂ ಹನ್ನೊಂದು ದಿನ ಮೊದಲ ಮುಗೀತಿತ್ತು. ಪಾರ್ಕಿನ ವರ್ಷ ನಿಮ್ದೂ ಅಲ್ಲ, ನಮ್ದೂ ಅಲ್ಲ, ಇಂಗ್ಲಿಷ್ ಕ್ಯಾಲೆಂಡರಿಂದು. ಮಾಲಕರು ಭಾಳ ಖಡಕ್ಕು. ನಾ ಏನು ಮಾಡ್ಲಿ?"

ಟಿಕೀಟು ತಗೊಳ್ಳೋಣವೆಂದರೆ ಹಬ್ಬದ ರೇಟು ದೊಡ್ಡವರಿಗೆ ಇನ್ನೂರೈವತ್ತು. ಅಪ್ಪ ಜೇಬು ತಡವಿ ನೋಡಿ, "ನೀನು ಮಕ್ಕಳು ಹೋಗ್ರಿ, ನಾ ಇಲ್ಲೇ ಕುಂದರ್ತೀನಿ" ಎಂದು ಅವ್ವನಿಗೆ ಹೇಳಿದ. ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. "ಅಪ್ಪ ಬರದ ನಾ ಒಳಗ ಕಾಲಿಡಂಗಿಲ್ಲ" ಎಂದು ರಂಪ ಮಾಡಿದೆ. ಜನ ನೋಡುತ್ತಿದ್ದರು. ಸಾಲಿನಲ್ಲಿ ನಿಂತವರ ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು, ಯಾಕೆಂದರೆ ಸಾಲಿಗೆ ನೆರಳು ಕೊಡಬೇಕಾದ ತಾಡಪತ್ರಿ ನಡುವೆ ಸೀಳಿ ಜೋತಾಡುತ್ತಿತ್ತು.

ಅಪ್ಪನ ಕಣ್ಣು ಆಗಿನಿಂದ ಅದರ ಮೇಲೇ ಇತ್ತು. ಮಗಳು ನೆಲದ ಮೇಲೆ ಅಳುತ್ತಿದ್ದರೂ ಅವನಿಂದ ಸುಮ್ಮನಿರಲಾಗಲಿಲ್ಲ.

"ಸಾಬ್ರ, ಯಾವ ಪುಣ್ಯಾತ್ಮ ಹೊಲದಾನ್ರಿ ಇದನ್ನ? ಗೋಣಿಚೀಲ ಹೊಲ್ದಂಗ ಹೊಲದಾನ."

ಸಾಬರು ಅಪ್ಪನ ಜೇಬಿನ ದಬ್ಬಣ ನೋಡಿದರು. "ನೀ ಹೊಲೀತಿಯೇನು?"

"ನನ್ನ ಕಸುಬ ಅದ."

"ಹೊಲದು ಕೊಡಪ್ಪಾ ಮಾರಾಯ. ನಾಕೂ ಮಂದಿ ಒಳಗ ಹೋಗ್ರಿ. ಮಾಲಕರಿಗೆ ನಾ ಉತ್ತರ ಹೇಳ್ತೀನಿ."

ಅವ್ವ ಬಸವನನ್ನು ಕರೆದುಕೊಂಡು ಒಳಗೆ ಹೋದಳು. ನಾನು ಹೋಗಲಿಲ್ಲ. ಲಾರಿ ಸಿಕ್ಕಿದರೆ ಈ ಅಪ್ಪನನ್ನು ನಂಬುವ ಹಾಗಿಲ್ಲವೆಂದು ಕಾವಲು ಕೂತೆ. ಅಪ್ಪ ತಾಡಪತ್ರಿ ಇಳಿಸಿ, ಸೀಳಿದ ಅಂಚುಗಳನ್ನು ಮಡಚಿ, ಸಾಬರು ತರಿಸಿಕೊಟ್ಟ ನೈಲಾನ್ ಹುರಿಯಲ್ಲಿ ಒಂದೊಂದೇ ಹೊಲಿಗೆ ಎಳೆದ. ಅಂಗೈ ಕೆಂಪಾಗಿತ್ತು. ನಾನು ಮನೆಯಿಂದ ತಂದಿದ್ದ ಡಬ್ಬಿಯ ಹೋಳಿಗೆ ಮುರಿದು ಅವನ ಬಾಯಿಗೆ ಇಡುತ್ತಿದ್ದೆ. ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ನೆರಳು ಬಿದ್ದ ಕೂಡಲೇ ಸಾಲಿನಲ್ಲಿದ್ದವರು ಸಿಳ್ಳೆ ಹೊಡೆದರು.

ಅಪ್ಪ ನೆಟ್ಟಗೆ ಗೇಟಿನ ಹುಡುಗನ ಹತ್ತಿರ ಹೋಗಿ ಪಾಸು ಚಾಚಿದ. "ತೂತು ಹೊಡಿ."

"ಅದು ಮುಗಿದದ್ದು, ಹೊಡದ್ರೂ ಉಪಯೋಗಿಲ್ಲರಿ."

"ಇಲ್ದಿದ್ರ ಇರ್ಲಿ, ಹೊಡಿ. ನನ್ನ ಮಗಳು ನೋಡ್ಬೇಕು."

ಟಕ್. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಧೋತರ ಉಟ್ಟವರನ್ನು ನೀರಿಗೆ ಬಿಡುತ್ತಿರಲಿಲ್ಲ. ಅಪ್ಪ ಹೂವಿನ ಚಿತ್ತಾರದ ಬಾಡಿಗೆ ಚಡ್ಡಿ ಹಾಕಿಕೊಂಡು ಬಂದಾಗ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಮೆಟ್ಟಿಲು ಹತ್ತಿ ತುದಿಗೆ ಹೋದೆವು. ಅಲ್ಲಿಂದ ಗದ್ದೆಗಳು, ಕಾಲುವೆ, ದೂರದ ಕುರುಗೋಡಿನ ಗುಡ್ಡ ಎಲ್ಲಾ ಕಾಣುತ್ತಿತ್ತು. ಅದಿರು ತುಂಬಿದ ಲಾರಿಯ ನೆತ್ತಿಯ ಮೇಲೆ ಓಡಾಡುವ ಅಪ್ಪ ಅಲ್ಲಿ ಕಂಬಿ ಹಿಡಿದು ನಿಂತುಬಿಟ್ಟ.

"ಗೌರವ್ವಾ, ಒಂದು ಮಾತು. ನನಗ ಈಸಾಕ ಬರಂಗಿಲ್ಲ."

"ನನಗೂ ಬರಂಗಿಲ್ಲಪ್ಪಾ. ಕುಂದ್ರು."

ಅಪ್ಪ ಕೂತ. ನಾನು ಅವನ ತೊಡೆಯ ಮೇಲೆ ಕೂತೆ. "ಯಪ್ಪೋ, ಬಸವಣ್ಣೋ" ಎಂದು ಅವನು ಕೂಗಿದ್ದು ಸಿರುಗುಪ್ಪದವರೆಗೂ ಕೇಳಿರಬೇಕು. ಕೆಳಗೆ ಬಿದ್ದು ಮೂಗಿನಲ್ಲಿ ನೀರು ಹೋಗಿ ಇಬ್ಬರೂ ಕೆಮ್ಮಿದೆವು. ಮುಖ ಒರೆಸಿಕೊಂಡ ಅಪ್ಪ ಎರಡೇ ಮಾತು ಆಡಿದ: "ಇನ್ನೊಂದ್ ಸಲ." ಪಾರ್ಕು ಮುಚ್ಚುವ ಸೀಟಿ ಊದುವವರೆಗೆ ಏಳು ಸಲ ಜಾರಿದೆವು. ನನ್ನ ಜೀವಮಾನದಲ್ಲಿ ಅಷ್ಟು ಸುಖಪಟ್ಟ ಇನ್ನೊಂದು ಸಂಜೆ ನೆನಪಿಲ್ಲ.

ಕೆಲವೇ ವರ್ಷಗಳಲ್ಲಿ ಗಣಿಗಳು ನಿಂತವು, ಲಾರಿಗಳು ನಿಂತವು. ಬೇವಿನ ಎಲೆ ಮತ್ತೆ ಹಸಿರಾಯಿತು. ಆದಿವಾರದ ನೋಟ್‌ಬುಕ್ಕು ಭರ್ತಿಯಾಗುವುದು ನಿಂತು ಪಾರ್ಕೂ ಬಾಗಿಲು ಹಾಕಿತು. ಈಗ ಅಲ್ಲಿ ಜಾಲಿಗಿಡಗಳ ನಡುವೆ ಬಣ್ಣ ಹೋದ ಜಾರುಬಂಡಿ ಮಾತ್ರ ನಿಂತಿದೆ. ಅಪ್ಪ ಭತ್ತದ ರಾಶಿಗೆ ಹೊದಿಸುವ ತಾಡಪತ್ರಿ ಹೊಲಿದು ಸಂಸಾರ ನಡೆಸಿದ. ನಾನು ಸಿರುಗುಪ್ಪದಲ್ಲಿ ಟೀಚರಾದೆ. ಅಪ್ಪ ಅವ್ವ ಈಗ ನನ್ನ ಜೊತೆಗೇ ಇದ್ದಾರೆ.

ಹೋದ ತಿಂಗಳು ನನ್ನ ಮಗಳು ಬೇರೊಂದು ಊರಿನ ಪಾರ್ಕಿಗೆ ಹೋಗಬೇಕೆಂದು ಹಟ ಹಿಡಿದಳು. ಫೋನಿನಲ್ಲಿ ನೋಡಿದರೆ ಎಲ್ಲ ಆದಿವಾರವೂ ಖಾಲಿ, ಹಸಿರು ಚೌಕಗಳು. "ಅಪ್ಪಾ, ಬರ್ತಿಯೇನು?" ಎಂದು ಕೇಳಿದೆ. ಅಪ್ಪ ಮಂಡಿ ನೀವಿಕೊಳ್ಳುತ್ತ ನಕ್ಕ. ನನ್ನ ಅಪ್ಪನಿಗೂ ಈಗ ಎಲ್ಲ ಆದಿವಾರಗಳೂ ಖಾಲಿ. ಮೂರಂತಸ್ತು ಹತ್ತುವ ಕಾಲುಗಳು ಮಾತ್ರ ಇಲ್ಲ. ನನಗೆ ಸಂಕಟವಾಯಿತು.

ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಹಳೆಯ ಪಾಸು ತಂದು ಅವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದ. ಅವ್ವನ ಸಾಲು, ನನ್ನ ಸಾಲು, ಬಸವನ ಸಾಲು ದಾಟಿ, ತನ್ನ ಫೋಟೋದ ಪಕ್ಕದ ಒಂದೇ ತೂತಿನ ಮೇಲೆ ಬೆರಳಾಡಿಸಿದ.

"ನಿಮ್ಮೆಲ್ಲರ್ದೂ ನಾಕ್ನಾಕು ಸಲ ಆಗಿ ರೊಕ್ಕ ವಸೂಲಾಗೈತಿ. ನಂದು ಇನ್ನೂ ಮೂರು ಬಾಕಿ ಅದಾವ ನೋಡವ್ವಾ," ಎಂದ. ಆಮೇಲೆ ಪಾಸನ್ನು ನನಗೆ ವಾಪಸ್ ಕೊಡದೆ ಜೇಬಿಗೆ ಇಳಿಸಿಕೊಂಡ, ಹಿಂದೆ ದಬ್ಬಣ ಇರುತ್ತಿದ್ದ ಜೇಬಿಗೆ.