ನೀರುನಾಯಿಯಿಲ್ಲದ ಗಜನಿ

೧೯೩೦ರ ದಶಕದ ನಡುವಿನ ಮಾತು. ನಾನಾಗ ಕೃಷಿ ಖಾತೆಯ ಓವರ್‌ಸಿಯರ್ ಆಗಿ ಅಂಕೋಲೆಯಲ್ಲಿದ್ದೆ. ಭಾವಿಕೇರಿಯ ಗಜನಿ ಗದ್ದೆಗಳು ನನ್ನ ಸುಪರ್ದಿಗೆ ಬರುತ್ತಿದ್ದವು. ಗಜನಿಯೆಂದರೆ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಹಾಕಿ ಉಳಿಸಿಕೊಂಡ ನೆಲ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ. ಭತ್ತ ರೈತರದು, ಮೀನು ಗುತ್ತಿಗೆದಾರನದು. ಕಟ್ಟೆಗೆ ತಾಗಿದ ಗದ್ದೆ ವಿಧವೆ ತುಳಸಮ್ಮನದು. ಅವಳ ಇಬ್ಬರು ಮಕ್ಕಳ ವರ್ಷದ ಅನ್ನವೆಲ್ಲ ಅದರಲ್ಲೇ ಇತ್ತು.

ಗುತ್ತಿಗೆದಾರ ವಿಠೋಬನಿಗೆ ನೀರುನಾಯಿ ಕಂಡರೆ ಮೈಯೆಲ್ಲ ಉರಿ. ಬಲೆ ಹರಿಯುತ್ತವೆ, ಮೀನು ತಿನ್ನುತ್ತವೆ, ಎಲ್ಲವನ್ನೂ ಕೊಲ್ಲಲು ಪರವಾನಗಿ ಕೊಡಿ ಎಂದು ಅರ್ಜಿ ಹಾಕಿದ. ನಾನು ವಿರೋಧಿಸಿದೆ. ನೀರುನಾಯಿ ಮೀನಿನ ಜೊತೆ ಏಡಿಯನ್ನೂ ತಿನ್ನುತ್ತದೆ. ಕಟ್ಟೆ ಕೊರೆಯುವುದು ಆ ಏಡಿಯೇ. ಏಡಿ ಒಂದೇ ಸಲಕ್ಕೆ ರಾಶಿ ಮೊಟ್ಟೆಯಿಟ್ಟು ಮರಿಗಳನ್ನು ಅವುಗಳ ಪಾಡಿಗೆ ಬಿಡುವ ಜೀವಿ. ನೀರುನಾಯಿ ಕೆಲವೇ ಮರಿ ಹೆತ್ತು ತಿಂಗಳುಗಟ್ಟಲೆ ಸಾಕುವಂಥದು. ನೀರುನಾಯಿಯನ್ನು ಅಳಿಸಿದರೆ ಏಡಿಗೆ ತಡೆಯೇ ಇಲ್ಲ ಎಂದೆ. ಕಾರವಾರದಿಂದ ಬಂದ ನಮ್ಮ ಖಾತೆಯ ಸಾಹೇಬರು ನಕ್ಕರು.

“ನಿಮ್ಮ ಪ್ರಾಣಿದಯೆ ಮನೆಯಲ್ಲಿಟ್ಟುಕೊಳ್ಳಿ” ಎಂದು ಪರವಾನಗಿಗೆ ಸಹಿ ಹಾಕಿದರು.

ಆ ನಗು ನೆನೆದರೆ ಇಂದಿಗೂ ರಕ್ತ ಕುದಿಯುತ್ತದೆ. ಬೇಸಿಗೆಯೊಳಗೆ ಬಂದೂಕು, ಉರುಳು ನೀರುನಾಯಿಗಳನ್ನೆಲ್ಲ ಮುಗಿಸಿದವು. ಮೊಲೆಯುಣಿಸುವ ತಾಯಿಯನ್ನೂ ಬಿಡಲಿಲ್ಲ, ಪಾಪಿಗಳು!

ಎರಡನೆಯ ಮಳೆಗಾಲಕ್ಕೆ ಕಟ್ಟೆ ಜರಡಿಯಾಗಿತ್ತು. ರೈತರು ಒಂದು ತೂತು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು. ಕಗ್ಗ ತುಸು ಉಪ್ಪು ತಡೆಯುತ್ತದೆ ನಿಜ, ಆದರೆ ತೆನೆ ಹೊರಡುವ ಹೊತ್ತಿಗೆ ಹುಣ್ಣಿಮೆಯ ಭರತಿಯ ಉಬ್ಬರಕ್ಕೆ ಕಟ್ಟೆ ಒಡೆದು ಕಡಲೇ ಬಂದು ನಿಂತರೆ? ಬೆಳೆಯೆಲ್ಲ ಕೊಳೆಯಿತು.

ಸಾಹೇಬರು ಬಂದು ನೋಡಿ, “ರೈತರ ಅಲಕ್ಷ್ಯ. ಹಾಗೇ ವರದಿ ಬರೆಯಿರಿ” ಎಂದರು. ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ ತುಳಸಮ್ಮ ತಲೆಯೆತ್ತಿದಳು.

“ಒಡೆಯಾ, ಮೀನ್ ಹಿಡೂಕೆ ಗುತ್ತಿಗೆ ಕೊಟ್ರಿ. ಏಡಿ ಹಿಡೂಕೆ ಯಾರಿಗ್ ಕೊಡ್ತ್ರಿ?”

ಸಾಹೇಬರು ಮೋಟಾರು ಹತ್ತಿದರು. ಆ ಸುಳ್ಳು ವರದಿಗೆ ನಾನು ಕೈ ಹಾಕಲಿಲ್ಲ. ಬೇಕಾದರೆ ನೀವೇ ಬರೆದುಕೊಳ್ಳಿ ಎಂದೆ.

ಒಡೆದ ಕಟ್ಟೆಯೊಳಗೆ ಮೀನು ನಿಲ್ಲಲಿಲ್ಲ. ಮುಂದೆ ವಿಠೋಬನ ಬಲೆಯಲ್ಲೂ ಬರೀ ಏಡಿ. ಒಂದು ದಿನ ಕೈಮುಗಿದು ಬಂದ.

“ರಾಯ್ರೇ, ಎಲ್ಲಿಂದಾದ್ರೂ ಒಂದ್ ಜೋಡಿ ನೀರ್‌ನಾಯಿ ತರ್ಸೂಕೆ ಆಗ್ತದ್ಯಾ?”

“ಏನಯ್ಯಾ, ಸಂತೆಯಲ್ಲಿ ಸಿಗುವ ಸಾಮಾನು ಅಂದ್ಕೊಂಡ್ಯಾ?” ಎಂದು ಗದರಿ ಅಟ್ಟಿದೆ.

ಕೊಲ್ಲುವುದಕ್ಕೆ ಒಂದು ಸಹಿ ಸಾಕು. ಹುಟ್ಟಿಸುವ ಸಹಿ ಯಾವ ಸಾಹೇಬನ ಕೈಯಲ್ಲೂ ಇಲ್ಲ. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಆ ವರ್ಷ ತುಳಸಮ್ಮನ ಮನೆಯಲ್ಲಿ ದಿನವೂ ಏಡಿ ಸಾರು. ಕಲಸಿಕೊಳ್ಳಲು ಅನ್ನವಿರಲಿಲ್ಲ.