ಹಬ್ ಮುಟ್ಟಿ ನೋಡಿ ಅನ್ನುತ್ತಿದ್ದ ಧರ್ಮಪ್ಪ

ಮುಟ್ಟಿ ನೋಡಿದನೋ ಇಲ್ಲವೋ. ಬೆಳಿಗ್ಗೆ ಗಂಡ ಮನು ಲಾರಿ ತೆಗೆದುಕೊಂಡು ಅರಸೀಕೆರೆ ಬಿಟ್ಟಾಗಿನಿಂದ ಲಾವಣ್ಯಳ ತಲೆಯೊಳಗೆ ಇದೊಂದೇ ಸುತ್ತುತ್ತಿತ್ತು. ಮಗು ನಂದಿತಾಗೆ ರಾಗಿ ಸರಿ ತಿನ್ನಿಸುವಾಗಲೂ ಅದೇ, ತೊಟ್ಟಿಯ ಹತ್ತಿರ ಬಟ್ಟೆ ಹಿಂಡುವಾಗಲೂ ಅದೇ. ಒಂದೇ ಲಂಗೋಟಿಯನ್ನು ಮೂರು ಸಲ ಹಿಂಡಿದ್ದಳು.

ನಿನ್ನೆ ಆಯುಧಪೂಜೆ. ಮನು ಲಾರಿಯನ್ನು ಪೈಪಿನ ನೀರಿನ ರಭಸಕ್ಕೆ ಹಿಡಿಸಿ, ಚಕ್ರದ ಸಂದುಗೊಂದಿಯನ್ನೂ ಬಿಡದೆ ತೊಳೆಸಿ, ಮಾಲೇಕಲ್ಲಿನ ಬೆಟ್ಟದ ಬುಡಕ್ಕೆ ಹೊಡೆದುಕೊಂಡು ಹೋಗಿ ಪೂಜೆ ಮಾಡಿಸಿ ತಂದಿದ್ದ. ಇವತ್ತು ತೆಂಗಿನಕಾಯಿ ಲೋಡು. ಅರ್ಧ ಬೇಲೂರಿನಲ್ಲಿ ಇಳಿಸಿ, ಉಳಿದದ್ದನ್ನು ಸಕಲೇಶಪುರದ ಮೇಲೆ ಮಂಗಳೂರಿಗೆ ಒಯ್ಯಬೇಕು. ಬೇಲೂರು ದಾಟಿದರೆ ಮುಂದೆ ಘಾಟಿಯೇ.

ಪ್ರತಿ ವರ್ಷ ಪೂಜೆಯ ಮಾರನೆಯ ದಿನ ಹಗರೆಯ ಹಳೇ ಡ್ರೈವರ್ ಧರ್ಮಪ್ಪನ ದನಿ ವಾಟ್ಸಾಪಿನಲ್ಲಿ ಬರುತ್ತಿತ್ತು. 'ಹಬ್ಬಕ್ಕೆ ಗಾಡಿ ತೊಳ್ಸಿರೋ ಮಹಾರಾಯ್ರೆಲ್ಲಾ ಕೇಳಿ. ಮೊದಲ್ನೇ ಸ್ಟಾಪಲ್ಲಿ ಇಳ್ದು ಹಬ್ ಮುಟ್ಟಿ ನೋಡ್ಬುಡಿ. ಅಂಗೈಯಲ್ಲಿ ಬ್ಯಾಡ, ಕೈ ಹಿಂಭಾಗ. ನೀರು ಒಳೀಕೆ ಹೋಗಿದ್ರೆ ಗ್ರೀಸು ಮಜ್ಜಿಗೆ ಆಗಿರ್ತೈತೆ. ಬಿಸಿ ಇದ್ರೆ ಮುಂದಕ್ಕೆ ಹೋಗ್ಬ್ಯಾಡಿ.' ಚಕ್ರದ ನಡುಮಧ್ಯದ ಆ ಗುಂಡು ಭಾಗದೊಳಗೆ ನೀರು ಇಳಿದರೆ ಗ್ರೀಸು ಕೆಟ್ಟು ಬೇರಿಂಗು ಕಾಯುತ್ತದೆ, ಇಳಿಜಾರಿನಲ್ಲಿ ಬ್ರೇಕಿನ ಕಾವೂ ಸೇರಿದರೆ ಚಕ್ರವೇ ಹಿಡಿದುಕೊಂಡುಬಿಡುತ್ತದೆ. ಪೂಜೆಗೆಂದು ಭಕ್ತಿಯಿಂದ ತೊಳೆಸಿ ಕೆಡಿಸಿಕೊಳ್ಳುವವರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಿದ್ದರು.

ಈ ವರ್ಷ ಆ ದನಿ ಬರಲಿಲ್ಲ. ಧರ್ಮಪ್ಪ ಶ್ರಾವಣದಲ್ಲೇ ತೀರಿಕೊಂಡಿದ್ದ.

ಲಾರಿ ರಿಪೇರಿ ಬಳಗ ಅಂತ ವಾಟ್ಸಾಪಿನಲ್ಲಿ ಒಂದು ಗುಂಪು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಡ್ರೈವರುಗಳು, ಮೇಸ್ತ್ರಿಗಳು. ಮಂಡಿ ನೋವೆಂದು ಸ್ಟಿಯರಿಂಗ್ ಬಿಟ್ಟ ಮೇಲೆ ಧರ್ಮಪ್ಪ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ, ಉಳಿದ ಹೊತ್ತೆಲ್ಲ ಆ ಗುಂಪಿನಲ್ಲೇ. ಬರೆಯುವವನಲ್ಲ, ಬರೀ ಮಾತು. ಮಾತಿನ ಹಿಂದೆ ಹಾಲು ತಂಬಿಗೆಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಎಂಜಿನ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ, 'ನಿನ್ ಮಾತು ಸಾಕು, ಅದ್ರ ಮಾತು ಕೇಳ್ಸು' ಅನ್ನುತ್ತಿದ್ದ. ಜಾವಗಲ್ಲಿನ ಸಂತು ಕೆಟ್ಟ ಲಾರಿಯ ಮುಂದೆ ಕೂಲಿಂಗ್ ಗ್ಲಾಸ್ ಹಾಕಿ ನಿಂತ ಫೋಟೋ ಕಳಿಸಿದಾಗ, 'ನಿನ್ ಮುಖ ಚೆನ್ನಾಗೈತೆ ಕಣ್ಲಾ, ನಂಗೆ ಬೇಕಾಗಿರೋದು ರೇಡಿಯೇಟರ್ ಮುಖ' ಅಂದಿದ್ದ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದ. ಒಮ್ಮೆ ಅವನ ಮಾತು ಕೇಳಿ ಕರಿಯಪ್ಪ ಎಂಬ ಡ್ರೈವರು ದಿನವಿಡೀ ಕೂತು ಗೇರ್‌ಬಾಕ್ಸ್ ಇಳಿಸಿದ. ದೋಷ ಅಲ್ಲಿರಲೇ ಇಲ್ಲ. 'ತಪ್ಪು ನಂದೇ ಕಣ್ರಪ್ಪ' ಅಂತ ಎಲ್ಲರಿಗೂ ಕೇಳುವಂತೆ ಹೇಳಿ, ಮಾರನೆಯ ದಿನ ಬಸ್ಸಿನ ಕಂಡಕ್ಟರ್ ಕೈಲಿ ಕರಿಯಪ್ಪನಿಗೆ ಬೆಣ್ಣೆ ಕಳಿಸಿದ್ದ.

ಮೈಸೂರಿನಲ್ಲಿ ಓದಿ ಬೆಳೆದ ಲಾವಣ್ಯಳಿಗೆ ಲಾರಿ ಅಂದರೆ ರಸ್ತೆಯ ಮೇಲೆ ಅಡ್ಡ ಬರುವ ವಸ್ತು ಅಷ್ಟೇ ಆಗಿತ್ತು. ಮದುವೆಯಾದ ಮೇಲೆ ಅದೇ ನಿದ್ದೆಗೆ ಅಡ್ಡ ಬಂತು. ಗಂಡನ ಹೆಸರಿನಲ್ಲಿ ಗುಂಪಿಗೆ ಸೇರಿ ಪ್ರಶ್ನೆ ಬರೆದು ಹಾಕುತ್ತಿದ್ದಳು. ಬ್ರೇಕಿನ ಗಾಳಿ ಇಳಿದರೆ ಏನಾಗುತ್ತೆ, ಟೈರು ಹಳತಾಗಿದ್ದು ಹೇಗೆ ಗೊತ್ತಾಗುತ್ತೆ. ಧರ್ಮಪ್ಪ ಒಂದು ದಿನ ಅವಳೊಬ್ಬಳಿಗೇ ದನಿ ಕಳಿಸಿದ: 'ಇದು ಮನು ಅಲ್ಲ, ಮನು ಹೆಂಡ್ತಿ. ಡ್ರೈವರ್ ಆದೋನು ಇಷ್ಟು ಹೆದ್ರಲ್ಲ. ಇರ್ಲಿ ಬುಡವ್ವ. ಕೇಳು, ಬೇಜಾರಿಲ್ಲ.' ಅವಳು ಕೇಳಿದಳು. ಅವನು ಒಂದು ಸಲವೂ ನಗಲಿಲ್ಲ.

ತಿಥಿಯ ದಿನ ಹಗರೆಯ ರಸ್ತೆ ಬದಿಗೆ ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಯಾರಾದರೂ ಬಾಯಿ ಬಿಟ್ಟರೆ, 'ಓ, ನೀನಾ' ಅಂತ ಹತ್ತಿರ ಬರುತ್ತಿದ್ದರು. ಧರ್ಮಪ್ಪನ ಹೆಂಡತಿ ಹನುಮಕ್ಕ ಲಾವಣ್ಯಳ ಕೈಯಿಂದ ಮಗುವನ್ನು ಎತ್ತಿಕೊಂಡು, 'ಕೇಳೋ ಹುಡ್ಗಿ ನೀನೇನಾ? ನಿನ್ ಮೆಸೇಜು ಬಂದ್ರೆ ನನ್ನ ಮಗ್ಳ ಕೈಲಿ ಓದಿಸ್ಕೊಂಡು, ಹಸು ಬಿಟ್ಟು ಕುಂತ್ಕಳೋರು' ಅಂದಿದ್ದಳು.

ಈಗ ಕೇಳುವುದು ಯಾರನ್ನು? ಹೋದ ವರ್ಷದ ಆ ದನಿಯನ್ನು ಹುಡುಕಿ ತೆಗೆದು ಮನುಗೆ ಕಳಿಸಿದ್ದಳು. ನೋಡಿರಲಿಲ್ಲ. ಲೋಡು ಇಳಿಸುವಾಗ ಅವನು ಮೆಸೇಜು ನೋಡುವವನಲ್ಲ. ಫೋನು ಮಾಡೋಣವೆಂದರೆ ಆಣೆ. ಹೋದ ತಿಂಗಳು ಅವಳ ಫೋನು ಎತ್ತಲು ಹೋಗಿ ಮನು ಚರಂಡಿಗೆ ಚಕ್ರ ಇಳಿಸಿದ್ದ. ಗಾಡಿ ಹೊರಗಿದ್ದಾಗ ಫೋನ್ ಮಾಡುವುದಿಲ್ಲ ಅಂತ ಅತ್ತೆ ಲಲಿತಮ್ಮ ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದಳು. ಆಣೆಗೀಣೆ ನಂಬದ ಲಾವಣ್ಯ, ಮಗುವಿನ ಬಿಸಿ ನೆತ್ತಿಯ ಮೇಲಿಟ್ಟ ಕೈಯನ್ನು ತಟ್ಟನೆ ತೆಗೆದಿದ್ದಳು.

ಮಗುವಿಗೆ ಬೆಳಿಗ್ಗೆಯಿಂದ ಮೈ ಬೆಚ್ಚಗಿತ್ತು. ಹಲ್ಲು ಬರುತ್ತಿರಬಹುದು. ಅಥವಾ ಆಣೆ ಮುರಿಯುವ ಯೋಚನೆಯೇ ತಗುಲಿತೋ.

ಅವಳು ಬಾಗಿಲಿಗೂ ಅಡುಗೆಮನೆಗೂ ಓಡಾಡಿದಳು. ಲಲಿತಮ್ಮ ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು.

'ಕುಂತ್ಕಳೇ. ನೀನು ಓಡಾಡಿದ್ರೆ ಲಾರಿ ಓಡ್ತದಾ?'

'ಅತ್ತೆ, ಹಬ್ ಬಿಸಿ ಆಗಿದ್ರೆ? ಧರ್ಮಪ್ಪೋರು ಇದ್ದಿದ್ರೆ ಇಷ್ಟು ಹೊತ್ತಿಗೆ ಹೇಳಿರೋರು.'

'ಅವ್ರು ಹೇಳ್ದೆ ಇದ್ರೂ ನನ್ ಮಗಂಗೆ ಗೊತ್ತಾಗಲ್ವಾ?'

'ಹೋದ ವರ್ಷ ಅವರು ಹೇಳಿದ ಮೇಲೇ ಇಳಿದು ನೋಡಿದ್ದು.'

ಲಲಿತಮ್ಮನ ಕೈ ನಿಂತಿತು. 'ಮಗೀನ ತಲೆ ಮುಟ್ಟಿದೀಯ' ಅಂದಳು, ಮೆತ್ತಗೆ.

'ಗಾಡಿ ಇನ್ನೂ ಬೇಲೂರಲ್ಲಿ ನಿಂತಿರುತ್ತೆ.'

'ನಿಂತಿಲ್ದಿದ್ರೆ?'

ಲಾವಣ್ಯಳ ಕಿವಿಯಲ್ಲಿ ಧರ್ಮಪ್ಪನ ದನಿ: ಬಿಸಿ ಇದ್ರೆ ಮುಂದಕ್ಕೆ ಹೋಗ್ಬ್ಯಾಡಿ. ಆ ಮಾತು, ಹಿಂದೆ ಹಾಲಿನ ಸದ್ದು. ಸೊಂಟದ ಮೇಲಿದ್ದ ಮಗುವನ್ನು ಬಿಡಿಸಿ ಅತ್ತೆಯ ಮಡಿಲಿಗೆ ಹಾಕಿದಳು, ತಾನು ಮಾಡುವುದರ ನೆರಳು ಅದರ ಮೇಲೆ ಬೀಳದಿರಲಿ ಎಂಬಂತೆ. ಅಂಗಳಕ್ಕೆ ಇಳಿದು ಫೋನು ಒತ್ತಿದಳು. ರಿಂಗಾಯಿತು. ಆಗುತ್ತಲೇ ಇತ್ತು.

'ಏನೇ? ಪಾಪುಗೆ ಏನಾಯ್ತು?'

'ಪಾಪು ಚೆನ್ನಾಗಿದಾಳೆ. ಗಾಡಿ ನಿಂತಿದೆಯಾ?'

'ಸ್ಟಾರ್ಟ್ ಮಾಡಿದೀನಿ, ಹೊರಟೆ. ಆಣೆ ಹಾಕಿದ್ದೆ ತಾನೆ ನೀನು?'

'ಹಬ್ ಮುಟ್ಟಿ ನೋಡಿದ್ರಾ ರೀ?'

ಆ ಕಡೆ ಎಂಜಿನ್ ಸದ್ದು ನಿಂತಿತು.

'ಧರ್ಮಪ್ಪ ಮಾವ ಹೇಳ್ಲೇ ಇಲ್ವಲ್ಲ ಈ ಸಲ' ಅಂದ ಮನು, ತನಗೆ ತಾನೇ ಹೇಳಿಕೊಂಡಂತೆ. ಬಾಗಿಲು ತೆರೆದ ಸದ್ದು, ಜಲ್ಲಿಯ ಮೇಲೆ ಕಾಲ ಸದ್ದು. 'ಮುಂದಿನವು ತಣ್ಣಗಿವೆ. ಹಿಂದೆ ಎಡಗಡೆ ಪರವಾಗಿಲ್ಲ.'

ಮತ್ತೆ ಕಾಲ ಸದ್ದು.

'ಬಲಗಡೇದು, ಕೈ ಇಡಕ್ಕಾಗ್ತಿಲ್ಲ ಕಣೇ' ಅಂದ. ಆಮೇಲೆ, 'ಫೋನ್ ಇಡ್ಬೇಡ' ಅಂದ.