ಸೀಮೆಎಣ್ಣೆಯಲ್ಲಿ ತೊಳೆದ ಪಂಪು

ಒಂದು ಸೂಜಿಯ ಚಿತ್ರಕ್ಕೆ ನಾನು ನನ್ನ ಸ್ಕೂಟರ್ ಕೊಟ್ಟೆ. ಚಿತ್ರದ ಬೆಲೆ ಅಷ್ಟಿರಲಿಲ್ಲ. ಅರ್ಧ ಸ್ಕೂಟರ್ ನನ್ನ ಚೌಕಾಸಿಗೆ ಹೋಯಿತು.

ತೊಂಬತ್ತರ ದಶಕದ ಕೊನೆ. ದಾವಣಗೆರೆ ಕೆ.ಬಿ. ಬಡಾವಣೆಯಲ್ಲಿ ನನ್ನದು ಹಳೆ ಯಂತ್ರಗಳ ವ್ಯಾಪಾರ. ತಂಗಿ ಕಾಲೇಜಿನಲ್ಲಿ ಪಾಠ ಹೇಳುತ್ತ ಸಂಶೋಧನೆ ಮಾಡುತ್ತಿದ್ದಳು. ಟೈಫಾಯಿಡ್ ರೋಗಾಣುವಿನ ಬಳಗದ ಬ್ಯಾಕ್ಟೀರಿಯಾಗಳ ಮೈಮೇಲೆ ಸೂಜಿಗಳಿರುತ್ತವಂತೆ. ಅವನ್ನು ನಮ್ಮ ಜೀವಕೋಶಕ್ಕೆ ಚುಚ್ಚಿ ತಮ್ಮ ಸರಕನ್ನು ಒಳಗೆ ದಾಟಿಸುತ್ತವಂತೆ. ಆ ಸೂಜಿಗಳನ್ನು ಬಿಡಿಸಿ ಐಸಿನಲ್ಲಿ ಇಟ್ಟಿದ್ದಳು. ಆಗಲೇ ಕಾಲೇಜಿನ ಹಳೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಗಾಳಿ ಎಳೆಯುವ ಪಂಪು ಕೆಟ್ಟಿತು. ಒಳಗೆ ಗಾಳಿ ಉಳಿದರೆ ಚಿತ್ರವಿಲ್ಲ. ವಾರ ಕಳೆದರೆ ಸೂಜಿಗಳೂ ಇಲ್ಲ. ಅವಳ ವರ್ಷದ ದುಡಿಮೆ ನೀರುಪಾಲು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹರಿಹರದ ಗುಜರಿ ಸಾಹುಕಾರನ ಹತ್ತಿರ ಅಂಥ ಪಂಪು ಎರಡಿದ್ದವು. ಒಂದಕ್ಕೆ ಮಧ್ಯಾಹ್ನದ ತನಕ ಜಗ್ಗಾಡಿದೆ. ರೇಟು ಕುದುರಿದ ಮೇಲೂ ನಾಲಗೆ ಸುಮ್ಮನಿರಲಿಲ್ಲ.

"ಸಾವ್ಕಾರ್ರೇ, ಹಿಂಗೆ ಜಿಡ್ಡು ಹಿಡಿದಿದ್ದು ಹೆಂಗೆ ಒಯ್ಯಲಿ? ಒಳಗೂ ಹೊರಗೂ ತೊಳೆದು ಕೊಡ್ರಿ, ಪುಕ್ಕಟೆ."

"ನಿಮ್ಗೆ ಪಂಪು ಯಾಕ್ ಬೇಕ್ರಿ? ನಿಮ್ ಬಾಯಿ ಹಚ್ಚಿದ್ರೆ ಸಾಕು, ಎಲ್ಲಾ ಗಾಳಿ ಎಳೀತೈತೆ," ಎನ್ನುತ್ತಲೇ ತೊಳೆಸಿದ. ನಮ್ಮ ದಂಧೆಯಲ್ಲಿ ಮಾಲು ಕೈ ಬದಲಾಗುವ ಮುಂಚೆ ಸೀಮೆಎಣ್ಣೆಯ ಸ್ನಾನ ಆಗಲೇಬೇಕು.

ತಂಗಿ ಪ್ರಯೋಗಾಲಯದ ಬಾಗಿಲಲ್ಲೇ ಮೂಗು ಮುಚ್ಚಿದಳು.

"ಅಣ್ಣ, ಒಳಗೂ ಸೀಮೆಎಣ್ಣೆ ಹಾಕಿಸ್ದ್ಯಾ?"

"ಪುಕ್ಕಟೆ! ಹೆಂಗೆ ಹೊಳೀತೈತೆ ನೋಡು."

"ಹೊಳಪು ತಗೊಂಡು ಏನ್ ಮಾಡ್ಲಿ? ಜಿಡ್ಡಿದ್ರೆ ನಡೀತಿತ್ತು. ಅದ್ರ ಆವಿ ಹೋಗೋ ತನಕ ಗಾಳಿ ಪೂರ್ತಿ ಎಳಿಯಲ್ಲ. ಬಿಚ್ಚಿ, ಒಣಗಿಸಿ, ಪಂಪಿನ ಎಣ್ಣೆ ಮತ್ತೆ ಮತ್ತೆ ಬದಲಿಸ್ಬೇಕು. ಅಷ್ಟರಾಗೆ ನನ್ ಸೂಜಿ ಹಾಳಾಗ್ತಾವೆ."

ಬಂದ ದಾರಿಯಲ್ಲೇ ಸ್ಕೂಟರ್ ಹರಿಹರಕ್ಕೆ ತಿರುಗಿಸಿದೆ. ಎರಡನೆಯ ಪಂಪು ಜಿಡ್ಡಿನ ಸಮೇತ ಹಾಗೇ ಇತ್ತು. ಮೊದಲ ಪಂಪಿಗೆ ಕೊಟ್ಟ ಮೇಲೆ ನನ್ನ ಕೈಯಲ್ಲಿ ನಗದು ಇರಲಿಲ್ಲ. ಸಾಹುಕಾರನ ಕಣ್ಣು ಸ್ಕೂಟರ್ ಮೇಲಿತ್ತು.

"ಇದನ್ನೂ ತೊಳೆಸ್ಲೇನ್ರಿ?"

"ಮುಟ್ಟಬ್ಯಾಡ್ರಿ ಮಾರಾಯ್ರೆ!" ಕೀಲಿ ಅವನ ಕೈಗಿಟ್ಟೆ. ಪಂಪನ್ನು ಟೆಂಪೋಗೆ ಹೇರಿಸಿ, ನಾನೂ ಅದರ ಪಕ್ಕದಲ್ಲೇ ಕೂತು ಬಂದೆ. ದಾರಿಯುದ್ದಕ್ಕೂ ಅದನ್ನು ಮೂಸುತ್ತಿದ್ದೆ.

ಸೂಜಿಗಳು ಹಾಳಾಗುವ ಮುಂಚೆ ಚಿತ್ರ ಬಂತು. ಬೂದು ಬಣ್ಣದ ಫೋಟೋ. ಬುಡದಲ್ಲಿ ಒಂದರ ಮೇಲೊಂದು ಉಂಗುರ, ಅದರಿಂದ ಎದ್ದ ಮೋಟು ಕಡ್ಡಿ.

"ಇದೇನಾ?"

"ಇದೇ ಅಣ್ಣ." ಅವಳು ಫೋಟೋ ನನ್ನ ಕೈಗೆ ಕೊಡಲಿಲ್ಲ. ನನ್ನ ಬೆರಳಲ್ಲಿ ಇನ್ನೂ ಜಿಡ್ಡಿತ್ತು.

ಹಳೆ ಪಂಪು ಕೊಳ್ಳುವವರಿಗೆ ಹೇಳುತ್ತೇನೆ: ಅದನ್ನು ಬಳಸುವವರನ್ನು ಜೊತೆಗೆ ಕರೆದೊಯ್ಯಿರಿ. ಒಳಗೆ ಯಾವ ಎಣ್ಣೆ ಬಿದ್ದಿದೆ ಎಂದು ಕೇಳಿ, ನಿಮ್ಮೆದುರೇ ನಡೆಸಲು ಹೇಳಿ. ಪುಕ್ಕಟೆ ತೊಳೆದು ಕೊಡುತ್ತೇವೆಂದರೆ ಬೇಡ ಎನ್ನಿ. ಹರಿಹರಕ್ಕೆ ಹೋಗುವುದಾದರೆ ಬಸ್ಸಿನಲ್ಲೇ ಹೋಗಿ.